16:8 ಉಪವಾಸದ ವಿಮರ್ಶೆ: ತೂಕ ಎಷ್ಟಿಳಿಯುತ್ತದೆ, ಹಸಿವು ಏನಾಗುತ್ತದೆ

ದಿನದ 24 ಗಂಟೆಯಲ್ಲಿ 8 ಗಂಟೆ ಊಟಕ್ಕೆ, ಉಳಿದ 16 ಗಂಟೆ ಬರೀ ನೀರಿಗೆ. ಮಧ್ಯಂತರ ಉಪವಾಸದಲ್ಲಿ ಬಗೆ ಹಲವಿದ್ದರೂ ಹೊಸಬರು ಹೆಚ್ಚಾಗಿ ಹಿಡಿಯುವುದು ಈ 16:8 ಕ್ರಮವನ್ನು. ಅದಕ್ಕೆಂದೇ ಫೋನಿನಲ್ಲಿ ಗಂಟೆ ಎಣಿಸುವ ಆ್ಯಪ್‌ಗಳೂ ಬಂದಿವೆ. ಕ್ರಮವನ್ನೂ ಆ್ಯಪನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನಮ್ಮ ತೀರ್ಮಾನ ಇದು: ತೂಕದ ವಿಷಯದಲ್ಲಿ ಜನ ಹೇಳುವಷ್ಟನ್ನು ಇದು ಕೊಡುವುದಿಲ್ಲ. ಹಸಿವಿನ ವಿಷಯದಲ್ಲಿ ಜನ ಎಣಿಸಿದ್ದಕ್ಕಿಂತ ಹೆಚ್ಚನ್ನೇ ಕೊಡಬಲ್ಲದು, ಆದರೆ ಅದು ನಿಂತಿರುವುದು ಆ 8 ಗಂಟೆಯನ್ನು ದಿನದ ಯಾವ ಭಾಗದಲ್ಲಿ ಇಡುತ್ತೀರಿ ಎಂಬುದರ ಮೇಲೆ. ಬಹಳ ಜನ ಇಡುವುದು ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ. ಹಸಿವಿನ ಮಟ್ಟಿಗೆ ಅದು ಒಳ್ಳೆಯ ಜಾಗವಲ್ಲ.

ಮೊದಲ ವಾರ ಉಪವಾಸ ಬೇಡ, ದಾಖಲೆ ಬೇಕು

ಶುರು ಮಾಡುವ ಮೊದಲು ಒಂದು ವಾರ, ಏನನ್ನೂ ಬದಲಿಸದೆ, ಬಾಯಿಗೆ ಹೋದದ್ದನ್ನೆಲ್ಲ ಗಂಟೆ ಸಮೇತ ಬರೆದಿಡಿ. ಎದ್ದ ಕೂಡಲೇ ಕುಡಿದ ಹಾಲು-ಸಕ್ಕರೆಯ ಕಾಫಿಯೂ ಲೆಕ್ಕಕ್ಕೆ, ಮಲಗುವ ಮುನ್ನ ಬಾಯಿಗೆ ಹಾಕಿಕೊಂಡ ನಾಲ್ಕು ಬಾದಾಮಿಯೂ ಲೆಕ್ಕಕ್ಕೆ. ಮೊದಲ ತುತ್ತಿನಿಂದ ಕೊನೆಯ ತುತ್ತಿನವರೆಗೆ ಎಷ್ಟು ಗಂಟೆ ಎಂದು ಎಣಿಸಿ. ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ಸಚ್ಚಿದಾನಂದ ಪಾಂಡ ಅವರ ತಂಡ 156 ಜನರ ತಿನಿಸನ್ನು ಹೀಗೇ ಫೋನಿನಲ್ಲಿ ದಾಖಲಿಸಿ 2015ರಲ್ಲಿ ಪ್ರಕಟಿಸಿತು. ಅವರಲ್ಲಿ ಅರ್ಧದಷ್ಟು ಜನರ ತಿನ್ನುವ ಅವಧಿ ದಿನಕ್ಕೆ ಸುಮಾರು ಹದಿನಾಲ್ಕೂಮುಕ್ಕಾಲು ಗಂಟೆ ಅಥವಾ ಅದಕ್ಕಿಂತ ಹೆಚ್ಚು. ನಿದ್ದೆ ಬಿಟ್ಟರೆ ಉಳಿದ ಹೊತ್ತೆಲ್ಲ ಬಾಯಾಡುತ್ತಲೇ ಇತ್ತು ಎಂದರ್ಥ. ಅದೇ ತಂಡ ತೂಕ ಹೆಚ್ಚಿದ್ದ 8 ಜನರ ಅವಧಿಯನ್ನು 10-11 ಗಂಟೆಗೆ ಇಳಿಸಿ 16 ವಾರ ನೋಡಿದಾಗ ಸರಾಸರಿ 3 ಕೆಜಿಗೆ ತುಸು ಮೇಲೆ ಇಳಿಯಿತು. ಎಂಟೇ ಜನ, ಹೋಲಿಕೆಗೆ ಬೇರೆ ಗುಂಪಿಲ್ಲ, ಹಾಗಾಗಿ ಇದನ್ನು ಸೂಚನೆ ಎಂದಷ್ಟೇ ತೆಗೆದುಕೊಳ್ಳಬೇಕು. ಆದರೂ ಆ ಸೂಚನೆ ಬೆಲೆಯುಳ್ಳದ್ದು.

ಏಕೆಂದರೆ ಈ ಕ್ರಮದ ಲಾಭ ನೀವು ಎಲ್ಲಿಂದ ಹೊರಡುತ್ತೀರಿ ಎಂಬುದನ್ನು ಅವಲಂಬಿಸಿದೆ. ನಿಮ್ಮ ಲೆಕ್ಕ 13, 14, 15 ಗಂಟೆ ಬಂದರೆ, ಅದರಲ್ಲೂ ರಾತ್ರಿ ಊಟವಾದ ಮೇಲೂ ಬಾಯಾಡಿಸುವ ಅಭ್ಯಾಸವಿದ್ದರೆ, 16:8ಕ್ಕೆ ಕತ್ತರಿಸಲು ಏನಾದರೂ ಸಿಗುತ್ತದೆ. ಈಗಾಗಲೇ 10 ಗಂಟೆಯೊಳಗೆ ಮೂರು ಹೊತ್ತು ಉಂಡು ಮುಗಿಸುವವರಿಗೆ ಇನ್ನೆರಡು ಗಂಟೆ ಕಡಿಮೆ ಮಾಡಿದರೆ ತೂಕದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಬರುವುದಿಲ್ಲ. ಅವರ ಸಮಸ್ಯೆ ಇರುವುದು ತಟ್ಟೆಯ ಅಳತೆಯಲ್ಲಿ, ಗಡಿಯಾರದಲ್ಲಲ್ಲ. ಒಂದು ವಾರದ ಈ ದಾಖಲೆಯನ್ನು ಬಿಟ್ಟುಬಿಟ್ಟವರೇ ಮೂರು ತಿಂಗಳಾದ ಮೇಲೆ ‘ನನಗೆ ಉಪವಾಸ ಒಗ್ಗಲಿಲ್ಲ’ ಎನ್ನುವುದು.

ತೂಕ: ನಾಲ್ಕು ಪ್ರಯೋಗಗಳನ್ನು ಒಟ್ಟಿಗೆ ಓದಿದರೆ

ಒಂದೇ ಪ್ರಯೋಗ ಹಿಡಿದು ವಾದಿಸುವವರು ಎರಡೂ ಕಡೆ ಇದ್ದಾರೆ. ನಾಲ್ಕನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುವುದು ಒಳ್ಳೆಯದು.

2020ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 116 ಜನರನ್ನು 12 ವಾರ ನೋಡಿದರು. ಒಂದು ಗುಂಪಿಗೆ ಮಧ್ಯಾಹ್ನ 12ರಿಂದ ರಾತ್ರಿ 8ರೊಳಗೆ ಮಾತ್ರ ಊಟ, ಇನ್ನೊಂದಕ್ಕೆ ಎಂದಿನಂತೆ ಮೂರು ಹೊತ್ತು. ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ಯಾರಿಗೂ ಹೇಳಲಿಲ್ಲ. ಉಪವಾಸದವರು ಇಳಿಸಿದ್ದು 0.94 ಕೆಜಿ, ಮೂರು ಹೊತ್ತು ಉಂಡವರು 0.68 ಕೆಜಿ. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. 2022ರಲ್ಲಿ ಚೀನಾದ ಗುವಾಂಗ್‌ಝೌನಿಂದ ಬಂದದ್ದು ಒಂದು ವರ್ಷದ ಪ್ರಯೋಗ, ಬೊಜ್ಜಿದ್ದ 139 ಜನ. ಎರಡು ಗುಂಪಿಗೂ ಕ್ಯಾಲೊರಿ ಮಿತಿ ಹಾಕಿ, ಒಂದು ಗುಂಪಿಗೆ ಮಾತ್ರ ಬೆಳಿಗ್ಗೆ 8ರಿಂದ ಸಂಜೆ 4ರ ಬೇಲಿಯನ್ನೂ ಹಾಕಿದರು. ಬೇಲಿಯವರು 8.0 ಕೆಜಿ, ಬರೀ ಕ್ಯಾಲೊರಿ ಕಡಿಮೆ ಮಾಡಿದವರು 6.3 ಕೆಜಿ. ಅಂಕಿ ನೋಡಲು ದೊಡ್ಡದು, ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಅದು ಗಟ್ಟಿಯಾಗಿ ನಿಲ್ಲಲಿಲ್ಲ. 2023ರಲ್ಲಿ ಶಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದವರು 90 ಜನರೊಂದಿಗೆ ಒಂದು ವರ್ಷ ನಡೆಸಿದ ಪ್ರಯೋಗದಲ್ಲಿ 12ರಿಂದ 8ರ ಗುಂಪು ಏನನ್ನೂ ಎಣಿಸದೆ ಉಂಡಿತು. ಇನ್ನೊಂದು ಗುಂಪು ಕ್ಯಾಲೊರಿ ಎಣಿಸಿ ಕಾಲು ಭಾಗ ಕಡಿಮೆ ಉಣ್ಣಬೇಕಿತ್ತು. ಏನನ್ನೂ ಬದಲಿಸದ ಮೂರನೆಯ ಗುಂಪಿಗೆ ಹೋಲಿಸಿದರೆ ಮೊದಲಿನವರು 4.61 ಕೆಜಿ, ಎಣಿಸಿದವರು 5.42 ಕೆಜಿ ಇಳಿಸಿದರು. ದಿನಕ್ಕೆ ಕಡಿಮೆಯಾದ ಕ್ಯಾಲೊರಿ 425 ಮತ್ತು 405, ಅಂದರೆ ಹೆಚ್ಚುಕಡಿಮೆ ಒಂದೇ.

ನಾಲ್ಕನೆಯದು ಎಲ್ಲಕ್ಕಿಂತ ಸ್ಪಷ್ಟ. 2024ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 41 ಜನರಿಗೆ 12 ವಾರ ಊಟವನ್ನು ತಾವೇ ತಯಾರಿಸಿ ಕೊಟ್ಟರು. ಒಂದು ಗುಂಪು 10 ಗಂಟೆಯೊಳಗೆ, ಅದೂ ದಿನದ ಕ್ಯಾಲೊರಿಯಲ್ಲಿ ಶೇ 80ರಷ್ಟನ್ನು ಮಧ್ಯಾಹ್ನ 1ರ ಒಳಗೆ ಉಂಡಿತು. ಇನ್ನೊಂದು ಎಂದಿನಂತೆ ರಾತ್ರಿಯವರೆಗೆ. ಒಟ್ಟು ಕ್ಯಾಲೊರಿ ಮಾತ್ರ ಸಮ. ಇಳಿದದ್ದು 2.3 ಕೆಜಿ ಮತ್ತು 2.6 ಕೆಜಿ.

ಆದ್ದರಿಂದ ಗಡಿಯಾರ ತಾನಾಗಿ ಕೊಬ್ಬು ಕರಗಿಸುವುದಿಲ್ಲ. ಊಟ ಕಡಿಮೆಯಾದರೆ ಕರಗುತ್ತದೆ. ಗಡಿಯಾರದ ಕೆಲಸ, ಎಣಿಕೆಯ ಗೋಜಿಲ್ಲದೆ ಊಟ ಕಡಿಮೆಯಾಗುವಂತೆ ನೋಡಿಕೊಳ್ಳುವುದು. ತಕ್ಕಡಿ, ಪಟ್ಟಿ, ಲೆಕ್ಕದ ಕಾಟವಿಲ್ಲದೆ ದಿನಕ್ಕೆ 400 ಕ್ಯಾಲೊರಿ ಉಳಿಯುವುದಾದರೆ ಅದೇನೂ ಸಣ್ಣ ಗುಣವಲ್ಲ. ಎಣಿಸಿ ಎಣಿಸಿ ಬೇಸತ್ತವರಿಗೆ ಇದನ್ನು ಧೈರ್ಯವಾಗಿ ಹೇಳಬಹುದು.

ನಿರೀಕ್ಷೆ ಎಷ್ಟಿಟ್ಟುಕೊಳ್ಳಬೇಕು? ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಎಂಬ ಲೆಕ್ಕದಲ್ಲಿ ದಿನಕ್ಕೆ 400 ಉಳಿದರೆ ವಾರಕ್ಕೆ 360 ಗ್ರಾಂ, ತಿಂಗಳಿಗೆ ಒಂದೂವರೆ ಕೆಜಿ. ಇದೇ ಗುಣಾಕಾರವನ್ನು ವರ್ಷಕ್ಕೆ ಎಳೆದು ತೃಪ್ತಿಪಟ್ಟುಕೊಳ್ಳಬೇಡಿ. ಶಿಕಾಗೋದವರ 425ನ್ನು 365ರಿಂದ ಗುಣಿಸಿದರೆ 20 ಕೆಜಿ ಬರಬೇಕು. ಬಂದದ್ದು ಐದಕ್ಕೂ ಕಡಿಮೆ. ದೇಹ ಚಿಕ್ಕದಾದಂತೆ ಅದರ ಖರ್ಚೂ ಇಳಿಯುತ್ತದೆ, ಜನ ತಾವು ತಿಂದದ್ದನ್ನು ಕಡಿಮೆ ಬರೆಯುತ್ತಾರೆ, ಆರು ತಿಂಗಳಾದ ಮೇಲೆ ಬೇಲಿ ಅಲ್ಲಲ್ಲಿ ಸಡಿಲವಾಗುತ್ತದೆ. ವರ್ಷಕ್ಕೆ ದೇಹತೂಕದ ಶೇ 4ರಿಂದ 5ರಷ್ಟು ಇಳಿದರೆ ಕ್ರಮ ಸರಿಯಾಗಿ ನಡೆದಿದೆ ಎಂದು ತಿಳಿಯಿರಿ.

ಮೊದಲ ವಾರದ ಇಳಿಕೆಯನ್ನಂತೂ ನಂಬಲೇಬಾರದು. ಪಿತ್ತಜನಕಾಂಗದಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಗ್ಲೈಕೋಜನ್, ಅಂದರೆ ದೇಹದ ಸಕ್ಕರೆಯ ದಾಸ್ತಾನು, ಕೂಡಿಟ್ಟಿರುತ್ತದೆ. ಒಂದೊಂದು ಗ್ರಾಂ ತನ್ನ ಜೊತೆ ಸುಮಾರು 3 ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಉಪವಾಸದಲ್ಲಿ ಇದರಲ್ಲೊಂದು ಪಾಲು ಖರ್ಚಾದಾಗ ನೀರೂ ಹೋಗುತ್ತದೆ. ಇನ್ಸುಲಿನ್ ಇಳಿದಾಗ ಮೂತ್ರಪಿಂಡ ಉಪ್ಪನ್ನು ಹೊರಹಾಕುವುದರಿಂದ ಇನ್ನಷ್ಟು ನೀರು ಹೋಗುತ್ತದೆ. ತಕ್ಕಡಿಯ ಮೇಲೆ ಒಂದೂವರೆ ಕೆಜಿ ಮಾಯ. ಒಂದು ದಿನ ಗಡದ್ದಾಗಿ ಉಂಡರೆ ಅಷ್ಟೂ ವಾಪಸ್. ಹಿಗ್ಗುವುದಕ್ಕೂ ಕುಗ್ಗುವುದಕ್ಕೂ ಅಲ್ಲಿ ಕಾರಣವಿಲ್ಲ.

ತೂಗುವ ರೀತಿಯಲ್ಲೂ ಶಿಸ್ತು ಬೇಕು. ಬೆಳಿಗ್ಗೆ ಎದ್ದು ಶೌಚ ಮುಗಿಸಿ, ನೀರು ಕುಡಿಯುವ ಮೊದಲು, ಗಟ್ಟಿ ನೆಲದ ಮೇಲಿಟ್ಟ ಅದೇ ಯಂತ್ರದಲ್ಲಿ, ದಿನವೂ. ಆದರೆ ದಿನದ ಅಂಕಿಯನ್ನು ನೋಡಿ ಮರೆತುಬಿಡಿ. ಏಳು ದಿನದ ಸರಾಸರಿಯನ್ನು ಹಿಂದಿನ ಏಳು ದಿನದ ಸರಾಸರಿಗೆ ಹೋಲಿಸಿ. ಮುಟ್ಟಾಗುವ ಹೆಣ್ಣುಮಕ್ಕಳು ಈ ತಿಂಗಳ ಒಂದು ವಾರವನ್ನು ಹೋದ ತಿಂಗಳ ಅದೇ ವಾರಕ್ಕೆ ಹೋಲಿಸಬೇಕು, ಇಲ್ಲದಿದ್ದರೆ ನೀರು ಹಿಡಿದುಕೊಂಡ ದಿನಗಳು ಲೆಕ್ಕ ಕೆಡಿಸುತ್ತವೆ. ಎರಡು ವಾರಕ್ಕೊಮ್ಮೆ ಸೊಂಟಕ್ಕೆ ಟೇಪು ಹಿಡಿಯಿರಿ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಟ್ಟನಡುವೆ, ಉಸಿರು ಸಹಜವಾಗಿ ಬಿಟ್ಟ ಮೇಲೆ.

ಹಸಿವು ಅಲೆಯಂತೆ ಬರುತ್ತದೆ, ಹೋಗುತ್ತದೆ

ಹೊಸಬರ ಹೆದರಿಕೆ ಒಂದೇ: 12ನೆಯ ಗಂಟೆಗೇ ಹೊಟ್ಟೆ ಚುರುಗುಟ್ಟಿದರೆ 16ನೆಯ ಗಂಟೆಗೆ ಹೇಗಿರಬೇಡ? ಹಸಿವು ಗಂಟೆ ಕಳೆದಂತೆ ಏರುತ್ತಲೇ ಹೋಗುತ್ತದೆ ಎಂಬ ಎಣಿಕೆ ಇದು, ಮತ್ತು ಇದು ತಪ್ಪು. ಹಸಿವು ಹುಟ್ಟಿಸುವ ಘ್ರೆಲಿನ್ ಎಂಬ ಹಾರ್ಮೋನು ಜಠರದಿಂದ ಬರುತ್ತದೆ. ನೀವು ದಿನವೂ ಉಣ್ಣುವ ಹೊತ್ತಿಗೆ ಮುಂಚೆ ಅದು ಏರುತ್ತದೆ. ಉಣ್ಣದೆ ಬಿಟ್ಟರೂ ಸ್ವಲ್ಪ ಹೊತ್ತಿಗೆ ತಾನಾಗಿ ಇಳಿಯುತ್ತದೆ. ಹೊಟ್ಟೆ ಖಾಲಿಯಾದದ್ದಕ್ಕಿಂತ ಹೆಚ್ಚಾಗಿ ಅದು ಅಭ್ಯಾಸದ ಗಂಟೆಗೆ ಓಗೊಡುತ್ತದೆ. ಹಾಗಾಗಿ ಅಲೆ ಬಂದಾಗ ಒಂದು ಲೋಟ ನೀರು ಕುಡಿದು, ಎದ್ದು ಹತ್ತು ನಿಮಿಷ ಓಡಾಡಿ, ಕೈಗೊಂದು ಕೆಲಸ ಕೊಟ್ಟರೆ ಅದು ಹಾದುಹೋಗುತ್ತದೆ.

ಅಭ್ಯಾಸದ ಗಂಟೆ ಬದಲಾಗಲು ಎರಡರಿಂದ ನಾಲ್ಕು ವಾರ ಬೇಕು. ಅದಕ್ಕೇ ಒಂದೇ ದಿನ 14 ಗಂಟೆಯಿಂದ 8ಕ್ಕೆ ಧುಮುಕುವುದನ್ನು ನಾವು ಒಪ್ಪುವುದಿಲ್ಲ. ಮೊದಲ ವಾರ ರಾತ್ರಿ ಊಟವಾದ ಮೇಲಿನ ತಿನಿಸನ್ನಷ್ಟೇ ನಿಲ್ಲಿಸಿ, 12 ಗಂಟೆಗೆ ಬನ್ನಿ. ಆಮೇಲೆ ಮೂರು-ನಾಲ್ಕು ದಿನಕ್ಕೊಮ್ಮೆ ಅರ್ಧ ಗಂಟೆ ಕತ್ತರಿಸುತ್ತ ಹೋದರೆ ಇನ್ನೆರಡು ವಾರದಲ್ಲಿ 10 ಗಂಟೆ. ಅಲ್ಲಿ ಒಂದು ವಾರ ನಿಂತು, ನಿದ್ದೆ ಮತ್ತು ಹಸಿವು ಸರಿಯಿದ್ದರೆ ಮಾತ್ರ ಅದೇ ನಿಧಾನದಲ್ಲಿ 8ಕ್ಕೆ ಇಳಿಯಿರಿ. ರಜೆಯ ದಿನ ಗಂಟೆ ಬದಲಿಸಿ, ಮಾರನೆಯ ದಿನ ಮತ್ತೆ ಹಳೆಯ ಗಂಟೆಗೆ ಬಂದರೆ ಘ್ರೆಲಿನ್ ಯಾವುದನ್ನೂ ಕಲಿಯುವುದಿಲ್ಲ. ವಾರದಲ್ಲಿ ಐದು ದಿನ ಕಟ್ಟುನಿಟ್ಟು, ಎರಡು ದಿನ ಸಡಿಲ ಎನ್ನುವವರಿಗೆ ಪ್ರತಿ ವಾರದ ಮೊದಲೆರಡು ದಿನ ಮೊದಲಿನಷ್ಟೇ ಕಷ್ಟವಾಗುವುದು ಇದರಿಂದಲೇ.

ಇನ್ನು ಆ 8 ಗಂಟೆಯ ಜಾಗ. 2022ರಲ್ಲಿ ಬಾಸ್ಟನ್‌ನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯವರು ತೂಕ ಹೆಚ್ಚಿದ್ದ 16 ಜನರಿಗೆ ಅದೇ ಊಟವನ್ನು ಒಮ್ಮೆ ಬೇಗ, ಇನ್ನೊಮ್ಮೆ ಸುಮಾರು 4 ಗಂಟೆ ತಡವಾಗಿ ಕೊಟ್ಟರು. ತಡವಾಗಿ ಉಂಡಾಗ ಹಸಿವು ಹೆಚ್ಚಿತು, ಸಾಕು ಎನ್ನಿಸುವ ಲೆಪ್ಟಿನ್ ಎಂಬ ಹಾರ್ಮೋನು ಇಳಿಯಿತು, ಎಚ್ಚರವಿದ್ದ ಹೊತ್ತಿನಲ್ಲಿ ದೇಹ ಖರ್ಚು ಮಾಡಿದ ಶಕ್ತಿಯೂ ಕಡಿಮೆಯಾಯಿತು. 2019ರಲ್ಲಿ 11 ಜನರ ಮೇಲೆ ನಡೆದ ನಾಲ್ಕು ದಿನದ ಪುಟ್ಟ ಪ್ರಯೋಗವೊಂದು ಬೆಳಿಗ್ಗೆ 8ರಿಂದ ಮಧ್ಯಾಹ್ನ 2ರೊಳಗೆ ಉಂಡರೆ ಘ್ರೆಲಿನ್ ಕಡಿಮೆಯಾಗುತ್ತದೆ, ದಿನವಿಡೀ ಹಸಿವಿನ ಏರಿಳಿತ ಸಮವಾಗುತ್ತದೆ ಎಂದು ತೋರಿಸಿತು. ಶಕ್ತಿಯ ಖರ್ಚಿನಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. 2018ರಲ್ಲಿ ಮಧುಮೇಹದ ಅಂಚಿನಲ್ಲಿದ್ದ 8 ಗಂಡಸರು ಐದು ವಾರ ಮಧ್ಯಾಹ್ನ 3ರೊಳಗೆ ಊಟ ಮುಗಿಸಿದರು. ತೂಕ ಇಳಿಯದಂತೆ ನೋಡಿಕೊಂಡರೂ ಅವರ ಇನ್ಸುಲಿನ್ ಸ್ಪಂದನೆ ಮತ್ತು ರಕ್ತದೊತ್ತಡ ಸುಧಾರಿಸಿದವು, ಸಂಜೆಯ ಹಸಿವೂ ತಗ್ಗಿತು. ಮೂರೂ ಚಿಕ್ಕ ಪ್ರಯೋಗಗಳೇ. ಮೂರೂ ಬೊಟ್ಟು ಮಾಡುವ ದಿಕ್ಕು ಒಂದೇ ಎಂಬುದರಿಂದ ನಾವು ಬೇಗನೆ ಉಣ್ಣುವ ಕಡೆ ನಿಲ್ಲುತ್ತೇವೆ.

ಮಧ್ಯಾಹ್ನ 3ಕ್ಕೆ ಊಟ ಮುಗಿಸಿ ಸಂಸಾರ ನಡೆಸುವುದು ಯಾರಿಗೂ ಸುಲಭವಲ್ಲ. ಅದಕ್ಕೆ ಬೆಳಿಗ್ಗೆ 9ರಿಂದ ಸಂಜೆ 5, ಅದೂ ಆಗದಿದ್ದರೆ 10ರಿಂದ 6 ಇಟ್ಟುಕೊಳ್ಳಿ. ರಾತ್ರಿ ಮನೆಯವರ ಜೊತೆ ಉಣ್ಣಲೇಬೇಕೆಂದರೆ 8 ಗಂಟೆಯ ಹಟ ಬಿಟ್ಟು ಬೆಳಿಗ್ಗೆ 9ರಿಂದ ಸಂಜೆ 7ರವರೆಗೆ 10 ಗಂಟೆ ಇಡಿ, ಮತ್ತು ದೊಡ್ಡ ಊಟ ಮಧ್ಯಾಹ್ನಕ್ಕೆ ಬರಲಿ. ಬೆಳಗಿನ ತಿಂಡಿ ಬಿಟ್ಟು ರಾತ್ರಿ 8ಕ್ಕೆ ಹೊಟ್ಟೆ ಬಿರಿಯ ಉಣ್ಣುವ 16:8ಗಿಂತ ಈ 10 ಗಂಟೆಯ ಏರ್ಪಾಡು ಹಸಿವಿಗೂ ನಿದ್ದೆಗೂ ಹಿತ.

ಹಸಿವನ್ನೂ ಅಳೆಯಬಹುದು, ಅಳೆಯಬೇಕು. ಪ್ರತಿ ಊಟಕ್ಕೆ ಮೊದಲು ಮತ್ತು ಮಲಗುವ ಮುನ್ನ 0ರಿಂದ 10ರೊಳಗೆ ಒಂದು ಅಂಕಿ ಬರೆಯಿರಿ. ನಾಲ್ಕನೆಯ ವಾರದ ಸರಾಸರಿ ಮೊದಲ ವಾರಕ್ಕಿಂತ ಕೆಳಗಿರಬೇಕು. ಕೆಳಗಿಲ್ಲದಿದ್ದರೆ ಹಲ್ಲು ಕಚ್ಚಿ ಮುಂದುವರಿಯುವುದು ದಾರಿಯಲ್ಲ. ಅವಧಿಯನ್ನು ಒಂದು ಗಂಟೆ ಹಿಂದಕ್ಕೆ, ಬೆಳಗಿನ ಕಡೆಗೆ, ಸರಿಸಿ, ಅಥವಾ 10 ಗಂಟೆಗೆ ಹಿಗ್ಗಿಸಿ.

ಉಪವಾಸ ಮುರಿಯುವ ಊಟ

ಕ್ರಮ ಕೆಡುವುದು ಹೆಚ್ಚಾಗಿ ಉಪವಾಸದ ಹೊತ್ತಿನಲ್ಲಲ್ಲ, ಮುರಿದ ಮೊದಲ ಅರ್ಧ ಗಂಟೆಯಲ್ಲಿ. ಖಾಲಿ ಹೊಟ್ಟೆಗೆ ಹಣ್ಣಿನ ರಸ, ಸಿಹಿ, ಮೈದಾದ ತಿನಿಸು ಬಿದ್ದರೆ ರಕ್ತದ ಸಕ್ಕರೆ ಸರ್ರನೆ ಏರಿ ಇಳಿಯುತ್ತದೆ, ಎರಡು ಗಂಟೆಯೊಳಗೆ ಮತ್ತೆ ಹಸಿವು. ಮೊದಲ ಊಟದಲ್ಲಿ 30ರಿಂದ 40 ಗ್ರಾಂ ಪ್ರೋಟೀನ್ ಇರಲಿ, ಅದರ ಜೊತೆ ತಟ್ಟೆಯ ಅರ್ಧದಷ್ಟು ತರಕಾರಿ, ಪಿಷ್ಟ ಕೊನೆಗೆ. ಇಪ್ಪತ್ತು ನಿಮಿಷ ಕೂತು ಅಗಿದು ಉಣ್ಣಿ.

ದಿನದ ಪ್ರೋಟೀನ್ ಗುರಿ ದೇಹತೂಕದ ಪ್ರತಿ ಕೆಜಿಗೆ 1.2ರಿಂದ 1.6 ಗ್ರಾಂ. 70 ಕೆಜಿಯವರಿಗೆ 84ರಿಂದ 112 ಗ್ರಾಂ. ಮೂರು ಹೊತ್ತಿನಲ್ಲಿ ಇದನ್ನು ತಲುಪುವುದೇ ಕಷ್ಟ, ಎರಡೇ ಹೊತ್ತಿನಲ್ಲಿ ಇನ್ನೂ ಕಷ್ಟ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಬೇಯಿಸಿದ ಕಾಳು 100 ಗ್ರಾಮಿನಲ್ಲಿ 8ರಿಂದ 9, ಒಂದು ದೊಡ್ಡ ಲೋಟ (250 ಮಿಲಿ) ಹಾಲಿನಲ್ಲಿ 8, ಬೇಯಿಸಿದ ಕೋಳಿಯ ಎದೆಮಾಂಸ 100 ಗ್ರಾಮಿನಲ್ಲಿ ಸುಮಾರು 30. ಈ ಅಂಕಿಗಳನ್ನು ಇಟ್ಟುಕೊಂಡು ನಿಮ್ಮ ಎರಡು ಊಟವನ್ನು ಕೂಡಿಸಿ ನೋಡಿ. ಹೆಚ್ಚಿನವರ ಮೊತ್ತ 50-60ಕ್ಕೆ ನಿಲ್ಲುತ್ತದೆ. ಅದಕ್ಕೆ ಎರಡು ಊಟದ ನಡುವೆ ಪ್ರೋಟೀನಿನದೇ ಒಂದು ಸಣ್ಣ ತಿಂಡಿ ಬೇಕು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಮೇಲೆ ಹೇಳಿದ 2020ರ ಪ್ರಯೋಗದಲ್ಲಿ 50 ಜನರ ದೇಹವನ್ನು ಸ್ಕ್ಯಾನ್ ಮಾಡಿ ನೋಡಿದ್ದರು. ಉಪವಾಸದ ಗುಂಪಿನವರು ಕಳೆದುಕೊಂಡ 1.70 ಕೆಜಿಯಲ್ಲಿ 1.10 ಕೆಜಿ ಕೊಬ್ಬಲ್ಲದ ಭಾಗ, ಅಂದರೆ ಸುಮಾರು ಮೂರನೇ ಎರಡು ಪಾಲು. ತಕ್ಕಡಿ ಇಳಿದಿತ್ತು, ಇಳಿಯಬಾರದ್ದು ಇಳಿದಿತ್ತು. ಅದಕ್ಕೆ ಎದುರಾಗಿ 2016ರಲ್ಲಿ ಪ್ರಕಟವಾದ ಇಟಲಿಯ ಪ್ರಯೋಗವಿದೆ: ಭಾರ ಎತ್ತಿ ರೂಢಿಯಿದ್ದ 34 ಗಂಡಸರು 8 ವಾರ, ಉಪವಾಸದ ಗುಂಪಿಗೆ ಮಧ್ಯಾಹ್ನ 1, ಸಂಜೆ 4, ರಾತ್ರಿ 8ಕ್ಕೆ ಸಾಕಷ್ಟು ಪ್ರೋಟೀನ್ ಇದ್ದ ಊಟ. ಅವರ ಕೊಬ್ಬು ಇಳಿಯಿತು, ಸ್ನಾಯು ಉಳಿಯಿತು. ವಾರಕ್ಕೆ ಎರಡು-ಮೂರು ದಿನ ಬಸ್ಕಿ, ದಂಡ, ಭಾರ ಎಳೆಯುವ, ಎತ್ತುವ ವ್ಯಾಯಾಮ ಇಲ್ಲದೆ 16:8 ಮಾಡಬೇಡಿ ಎಂಬುದೇ ಇಲ್ಲಿ ನಮ್ಮ ಸಲಹೆ. ವ್ಯಾಯಾಮವನ್ನು ಊಟದ ಅವಧಿಯೊಳಗೆ, ಅಥವಾ ಉಪವಾಸದ ಕೊನೆಯ ಗಂಟೆಯಲ್ಲಿ ಇಟ್ಟರೆ ಅದರ ಬೆನ್ನಿಗೇ ಊಟ ಸಿಗುತ್ತದೆ.

ಉಪವಾಸದ ಹೊತ್ತಿನಲ್ಲಿ ಏನು ಕುಡಿಯಬಹುದು ಎಂಬ ಪ್ರಶ್ನೆಗೆ ಎಷ್ಟೋ ವಾದಗಳಿವೆ. ನೀರು, ಹಾಲು-ಸಕ್ಕರೆ ಇಲ್ಲದ ಕಾಫಿ, ಟೀ ಸರಿ. ಒಂದು ಚಮಚ ಹಾಲು ಬಿದ್ದರೆ ತೂಕದ ಮಟ್ಟಿಗೆ ಏನೂ ಹಾಳಾಗುವುದಿಲ್ಲ. ಆದರೆ 50 ಮಿಲಿ ಹಾಲಿಗೆ ಸುಮಾರು 30 ಕ್ಯಾಲೊರಿ, ಒಂದು ಟೀ ಚಮಚ ಸಕ್ಕರೆಗೆ 16. ಅಂಥ ಮೂರು ಲೋಟ ಕುಡಿದರೆ ಹೆಚ್ಚುಕಡಿಮೆ 140 ಕ್ಯಾಲೊರಿ, ಅಂದರೆ ಇಡೀ ದಿನದ ಉಳಿತಾಯದ ಮೂರನೇ ಒಂದು ಪಾಲು ಲೋಟದಲ್ಲೇ ಹೋಯಿತು.

ಎಡವುವ ಜಾಗಗಳು

ಮೊದಲ ವಾರದ ತಲೆನೋವಿಗೆ ಎರಡು ಮೂಲ. ದಿನವೂ ಎದ್ದ ಕೂಡಲೇ ಕಾಫಿ ಕುಡಿಯುತ್ತಿದ್ದವರು ಅದನ್ನೂ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ಕೆಫೀನ್ ಇಲ್ಲದ ತಲೆನೋವು ಶುರುವಾಗುತ್ತದೆ; ಅದಕ್ಕೆ ಮದ್ದು ಕಪ್ಪು ಕಾಫಿಯನ್ನು ಅದೇ ಹೊತ್ತಿಗೆ ಉಳಿಸಿಕೊಳ್ಳುವುದು. ಇನ್ನೊಂದು ಉಪ್ಪು-ನೀರು ಹೊರಹೋಗುವುದರಿಂದ ಬರುವ ತಲೆನೋವು, ಎದ್ದು ನಿಂತಾಗಿನ ತಲೆಸುತ್ತು. ಒಂದು ಲೋಟ ನೀರಿಗೆ ಟೀ ಚಮಚದ ಎಂಟನೇ ಒಂದು ಭಾಗ ಉಪ್ಪು, ಅಂದರೆ ಸುಮಾರು 300 ಮಿಲಿಗ್ರಾಂ ಸೋಡಿಯಂ, ಹಾಕಿ ಕುಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಈ ಉಪಾಯಕ್ಕೆ ಕೈಹಾಕಬಾರದು.

ಮಲಬದ್ಧತೆ ಎರಡನೆಯ ವಾರಕ್ಕೆ ಬರುತ್ತದೆ. ಊಟ ಕಡಿಮೆಯಾದಾಗ ನಾರೂ ನೀರೂ ಕಡಿಮೆಯಾಗಿರುತ್ತವೆ. ದಿನಕ್ಕೆ 25ರಿಂದ 30 ಗ್ರಾಂ ನಾರಿನಂಶಕ್ಕೆ ಬಂದರೆ, ಹಾಗೆಂದರೆ ಕಾಳು, ಸಿಪ್ಪೆ ಸಮೇತ ಹಣ್ಣು, ಇಡೀ ಧಾನ್ಯ, ಸೊಪ್ಪು ಎಲ್ಲ ಸೇರಿ, ಇಳಿಯುತ್ತದೆ. ಎದೆಯುರಿ ಮತ್ತು ಹುಳಿತೇಗು ರಾತ್ರಿ 8ರ ದೊಡ್ಡ ಊಟದ ಫಲ. ಕೊನೆಯ ತುತ್ತಿಗೂ ಹಾಸಿಗೆಗೂ ಮೂರು ಗಂಟೆ ಅಂತರವಿರಲಿ. ಇದಕ್ಕೆ ತದ್ವಿರುದ್ಧವಾಗಿ, ಸಂಜೆ 4ಕ್ಕೆ ಮುಗಿಸಿದವರಿಗೆ ರಾತ್ರಿ ಹಸಿವಿನಿಂದ ಎಚ್ಚರವಾಗುವುದುಂಟು. ವಾರಕ್ಕೆ ಎರಡು ಬಾರಿಗಿಂತ ಹೆಚ್ಚು ಹೀಗಾದರೆ ಅವಧಿಯನ್ನು ಒಂದು ಗಂಟೆ ಮುಂದಕ್ಕೆ ಹಾಕಿ. ನಿದ್ದೆ ಕೆಟ್ಟರೆ ಮರುದಿನದ ಹಸಿವು ಹೆಚ್ಚುತ್ತದೆ, ಆಗ ಉಪವಾಸದ ಲಾಭ ಅಲ್ಲೇ ಕರಗಿಹೋಗುತ್ತದೆ.

ಒಂದು ಸಣ್ಣ ವಿಷಯ, ಗೊತ್ತಿದ್ದರೆ ಗಾಬರಿ ತಪ್ಪುತ್ತದೆ. ಗಿಲ್ಬರ್ಟ್ ಸಿಂಡ್ರೋಮ್ ಎಂಬ ನಿರಪಾಯದ ಹುಟ್ಟುಗುಣ ಇರುವವರಲ್ಲಿ ಉಪವಾಸ ಮಾಡಿದಾಗ ರಕ್ತದ ಬಿಲಿರುಬಿನ್ ಎಂಬ ಹಳದಿ ವಸ್ತು ಏರುತ್ತದೆ, ಕಣ್ಣು ತುಸು ಹಳದಿಯಾಗಲೂಬಹುದು. ರಕ್ತಪರೀಕ್ಷೆ ಮಾಡಿಸುವಾಗ ಉಪವಾಸದ ಕ್ರಮದಲ್ಲಿದ್ದೇನೆ ಎಂದು ವೈದ್ಯರಿಗೆ ಹೇಳಿ.

ಫೋನಿನ ಆ್ಯಪ್‌ಗಳು

ಒಳ್ಳೆಯದನ್ನು ಮೊದಲು ಹೇಳೋಣ. ಶುರು ಮತ್ತು ಕೊನೆಯ ಗಂಟೆಗೆ ಗುಂಡಿ ಒತ್ತುವುದು ಸುಲಭ, ತೂಕದ ಏಳು ದಿನದ ಸರಾಸರಿಯ ಗೆರೆಯನ್ನು ಅದೇ ಎಳೆದು ತೋರಿಸುತ್ತದೆ, ಊಟದ ಅವಧಿ ಮುಗಿಯಲು ಅರ್ಧ ಗಂಟೆ ಇರುವಾಗ ನೆನಪಿಸುತ್ತದೆ. ಮೂರೂ ನಿಜವಾಗಿ ಉಪಯೋಗಕ್ಕೆ ಬರುತ್ತವೆ.

ನಮಗೆ ಒಪ್ಪಿಗೆಯಾಗದ್ದು ಪರದೆಯ ಮೇಲೆ ಸುತ್ತುವ ಹಂತಗಳು. ಇಷ್ಟನೇ ಗಂಟೆಗೆ ಕೊಬ್ಬು ಉರಿಯತೊಡಗಿತು, ಇಷ್ಟನೇ ಗಂಟೆಗೆ ಕೀಟೋಸಿಸ್ (ಕೊಬ್ಬು ಒಡೆದು ಬರುವ ಕೀಟೋನ್‌ಗಳು ರಕ್ತದಲ್ಲಿ ಏರುವ ಸ್ಥಿತಿ), ಇಷ್ಟನೇ ಗಂಟೆಗೆ ಆಟೊಫಜಿ ಎಂದು ಬಣ್ಣ ಬದಲಾಗುತ್ತದೆ. ಫೋನು ನಿಮ್ಮ ರಕ್ತವನ್ನು ನೋಡಿಲ್ಲ. ಕಳೆದ ಗಂಟೆಯಷ್ಟೇ ಅದಕ್ಕೆ ಗೊತ್ತು. ಹಿಂದಿನ ರಾತ್ರಿ ಎಷ್ಟು ಪಿಷ್ಟ ಉಂಡಿರಿ, ಎಷ್ಟು ನಡೆದಿರಿ ಎಂಬುದರ ಮೇಲೆ ಕೀಟೋನ್ ಏರುವ ಹೊತ್ತು ಒಬ್ಬರಿಂದ ಒಬ್ಬರಿಗೆ ಹಲವು ಗಂಟೆ ಆಚೀಚೆ ಆಗುತ್ತದೆ. ಆಟೊಫಜಿ, ಅಂದರೆ ಜೀವಕೋಶ ತನ್ನ ಹಳೆಯ ಸಾಮಾನನ್ನು ತಾನೇ ಒಡೆದು ಮರುಬಳಸುವ ಕ್ರಿಯೆ, ಸುಳ್ಳೇನಲ್ಲ. ಯೀಸ್ಟ್‌ನಲ್ಲಿ ಅದರ ಒಳಗುಟ್ಟನ್ನು ಬಿಡಿಸಿದ ಯೋಶಿನೋರಿ ಓಸುಮಿ ಅವರಿಗೆ 2016ರ ನೊಬೆಲ್ ಬಂದಿದೆ. ಆದರೆ ಬದುಕಿರುವ ಮನುಷ್ಯನಲ್ಲಿ ಅದು ಇಂಥ ಗಂಟೆಗೆ ಶುರುವಾಯಿತು ಎಂದು ಮನೆಯಲ್ಲಿ ಕೂತು ತಿಳಿಯುವ ಸಾಧನ ಯಾವುದೂ ಇಲ್ಲ.

ಇದಕ್ಕಿಂತ ಹೆಚ್ಚು ಕಳವಳ ಹುಟ್ಟಿಸುವುದು ಪದಕಗಳು. 24 ಗಂಟೆಗೊಂದು, 36ಕ್ಕೊಂದು, ತಪ್ಪದೆ 30 ದಿನ ಮಾಡಿದರೆ ಇನ್ನೊಂದು. ಜ್ವರವಿದ್ದ ದಿನವೂ ಸರಪಳಿ ಕಡಿಯಬಾರದೆಂದು ಉಪವಾಸ ಎಳೆಯುವಂತೆ ಇವು ಮಾಡುತ್ತವೆ. ಊಟದ ಬಗ್ಗೆ ಮನಸ್ಸು ಮೊದಲೇ ಸಂಕಟದಲ್ಲಿರುವವರಿಗೆ ಇದು ಅಪಾಯ. ಸೆಟ್ಟಿಂಗ್‌ನಲ್ಲಿ ಪದಕ ಮತ್ತು ಹಂತಗಳನ್ನು ಆಫ್ ಮಾಡಲು ಬಂದರೆ ಮೊದಲು ಅದನ್ನು ಮಾಡಿ. ಬರದಿದ್ದರೆ ಗಂಟೆ, ತೂಕ, ಸೊಂಟ, ಹಸಿವು, ನಿದ್ದೆ ಎಂದು ಐದು ಕಾಲಂ ಎಳೆದ ನೋಟ್‌ಬುಕ್ ಸಾಕು. ಇನ್ನೊಂದು: ತೂಕ, ಮುಟ್ಟಿನ ದಿನ, ಔಷಧ ಇವು ಆರೋಗ್ಯದ ಖಾಸಗಿ ಮಾಹಿತಿ. ದಾಖಲೆ ಅಳಿಸಲೂ ಇಳಿಸಿಕೊಳ್ಳಲೂ ಬಿಡದ ಆ್ಯಪಿಗೆ ಅವನ್ನು ಒಪ್ಪಿಸಬೇಡಿ.

ಉಳಿದ ಬಗೆಗಳು

ವಾರಕ್ಕೆರಡು ದಿನ 500-600 ಕ್ಯಾಲೊರಿ, ಐದು ದಿನ ಎಂದಿನಂತೆ ಎನ್ನುವ 5:2 ಕ್ರಮ ದಿನವೂ ಗಂಟೆ ಕಾಯಲಾರದವರಿಗೆ ಹೊಂದುತ್ತದೆ. ದಿನ ಬಿಟ್ಟು ದಿನ ಉಪವಾಸ ಹೆಚ್ಚಿನವರಿಗೆ ನಿಲ್ಲುವುದಿಲ್ಲ: 2017ರಲ್ಲಿ ಪ್ರಕಟವಾದ 100 ಜನರ ಒಂದು ವರ್ಷದ ಪ್ರಯೋಗದಲ್ಲಿ ಈ ಗುಂಪಿನ ಶೇ 38ರಷ್ಟು ಜನ ನಡುವೆ ಬಿಟ್ಟರು, ದಿನವೂ ಸ್ವಲ್ಪ ಕಡಿಮೆ ಉಣ್ಣಬೇಕಿದ್ದ ಗುಂಪಿನಲ್ಲಿ ಶೇ 29. ತೂಕದ ಇಳಿಕೆ ಎರಡರಲ್ಲೂ ಹತ್ತಿರಹತ್ತಿರ. ದಿನಕ್ಕೊಂದೇ ಊಟವನ್ನು ನಾವು ಯಾರಿಗೂ ಹೇಳುವುದಿಲ್ಲ. ಒಂದೇ ಊಟದಲ್ಲಿ 90 ಗ್ರಾಂ ಪ್ರೋಟೀನ್ ಉಣ್ಣುವುದು ಹೆಚ್ಚಿನವರಿಗೆ ಆಗುವುದಿಲ್ಲ. 8 ಗಂಟೆಗಿಂತ ಕಡಿಮೆ ಅವಧಿಗೂ ಹೃದ್ರೋಗದ ಸಾವಿಗೂ ನಂಟು ಕಂಡಿದೆ ಎಂಬ ವಿಶ್ಲೇಷಣೆಯೊಂದನ್ನು 2024ರ ಮಾರ್ಚ್‌ನಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಸಭೆಯಲ್ಲಿ ಮಂಡಿಸಿದರು. ಎರಡೇ ದಿನದ ಊಟದ ನೆನಪಿನ ಮೇಲೆ ನಿಂತ ಲೆಕ್ಕವಾದ್ದರಿಂದ ಅದು ಕಾರಣವನ್ನು ಹೇಳಲಾರದು. ಹಾಗಿದ್ದೂ 8ಕ್ಕಿಂತ ಕೆಳಗೆ ಇಳಿದರೆ ಸಿಗುವ ಹೆಚ್ಚಿನ ಲಾಭ ಏನೂ ಕಾಣದಿರುವಾಗ ಇಳಿಯುವುದೇಕೆ?

ಯಾರು ಕೈಹಾಕಬಾರದು

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, 18 ದಾಟದವರು, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 18.5ಕ್ಕಿಂತ ಕಡಿಮೆ ಇರುವವರು, ಊಟಕ್ಕೆ ಸಂಬಂಧಿಸಿದ ಮಾನಸಿಕ ಕಾಯಿಲೆ ಈಗ ಅಥವಾ ಹಿಂದೆ ಇದ್ದವರು ಇದರಿಂದ ದೂರವಿರಬೇಕು.

ಮಧುಮೇಹದವರಲ್ಲಿ ಇನ್ಸುಲಿನ್, ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಡೋಸ್ ಬದಲಿಸದೆ ಊಟ ಮುಂದೂಡಿದರೆ ಸಕ್ಕರೆ ಅಪಾಯಕ್ಕೆ ಇಳಿಯಬಹುದು. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗೆ ಬಂದರೆ ಉಪವಾಸ ಅಲ್ಲಿಗೆ ಮುಗಿಯಿತು: 15 ಗ್ರಾಂ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಯವರಿಗೆ ಬೇರೆಯದೇ ಅಪಾಯವಿದೆ. ಸಕ್ಕರೆ ತೀರ ಹೆಚ್ಚದೆಯೂ ರಕ್ತ ಆಮ್ಲವಾಗುವ ಕೀಟೋಅಸಿಡೋಸಿಸ್ ಬರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಸಕ್ಕರೆಯ ಅಂಕಿ ನೋಡಿ ಸಮಾಧಾನಪಡದೆ ಆಸ್ಪತ್ರೆಗೆ ಹೋಗಬೇಕು. ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಲಿಥಿಯಂ ತೆಗೆದುಕೊಳ್ಳುವವರೂ ಮೊದಲು ವೈದ್ಯರನ್ನು ಕೇಳಬೇಕು. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗಬೇಡಿ. ಮೆಟ್‌ಫಾರ್ಮಿನ್ ಊಟದ ಜೊತೆಗೇ ಇರಲಿ.

ಎಂಟನೆಯ ವಾರದ ಕೊನೆಗೆ ನೋಟ್‌ಬುಕ್ ತೆರೆಯಿರಿ. ಏಳು ದಿನದ ಸರಾಸರಿ ಶೇ 2ರಷ್ಟಾದರೂ ಇಳಿದಿಲ್ಲ, ಸೊಂಟವೂ ಅಷ್ಟೇ ಇದೆ ಎಂದಾದರೆ ಅವಧಿಯನ್ನು 6 ಗಂಟೆಗೆ ಕುಗ್ಗಿಸಬೇಡಿ. ಎರಡು ವಾರ ಊಟವನ್ನು ತೂಗಿ ಬರೆದು ನೋಡಿ, ಹೆಚ್ಚಾಗುತ್ತಿರುವುದು ಎಲ್ಲಿ ಎಂದು ಅಲ್ಲಿ ಸಿಗುತ್ತದೆ. ಇಳಿದಿದೆ, ಗುರಿಯೂ ಮುಟ್ಟಿದೆ ಎಂದಾದರೆ ಒಮ್ಮೆಗೇ ಬೇಲಿ ಕೀಳಬೇಡಿ. ರಾತ್ರಿಯ ಕೊನೆಯ ತುತ್ತಿನ ಗಂಟೆಯನ್ನು ಹಾಗೇ ಉಳಿಸಿಕೊಂಡು, ಬೆಳಗಿನ ಕಡೆಯಿಂದ ಎರಡು ವಾರಕ್ಕೊಂದು ಗಂಟೆಯಂತೆ ಸೇರಿಸುತ್ತ 10 ಅಥವಾ 11 ಗಂಟೆಗೆ ಬಂದು ನಿಲ್ಲಿ.